ಮೊದಲ ಬಾರಿಗೆ ಸ್ವಂತವಾಗಿ ಮೊರಾಕೊ ಪ್ರವಾಸ ಯೋಜಿಸುವವರಿಗೆ

ಮೊರಾಕೊಗೆ ಟೂರ್ ಕಂಪನಿಯ ನೆರವಿಲ್ಲದೆ ಹೊರಡುವವರು ಮೊದಲು ನಕ್ಷೆಯನ್ನು ಬಿಡಿಸಿ ದೂರಗಳನ್ನು ಅಳೆಯಬೇಕೆಂಬುದು ನನ್ನ ವಿನಂತಿ. ಮರಾಕೆಶ್‌ನಿಂದ ಸಹಾರಾ ಅಂಚಿನ ಮೆರ್ಜೂಗಾ 500 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದ್ದು, ರಸ್ತೆ ಅಟ್ಲಾಸ್ ಪರ್ವತಗಳನ್ನು ದಾಟುವುದರಿಂದ ಪಯಣಕ್ಕೇ ಇಡೀ ದಿನ ಹಿಡಿಯುತ್ತದೆ. ಒಂದೇ ವಾರವಿದ್ದರೆ ಮರಳುಗಾಡಿನ ಆಸೆಯನ್ನು ಬದಿಗಿಟ್ಟು, ರೈಲು ಸಂಪರ್ಕವಿರುವ ಮರಾಕೆಶ್, ಕಾಸಾಬ್ಲಾಂಕಾ, ರಬಾತ್, ಫೆಸ್ ನಗರಗಳನ್ನು ನಿಧಾನವಾಗಿ ನೋಡುವುದೇ ಲೇಸು.

ಫೆಸ್‌ನ ಹಳೆಯ ನಗರದ ಓಣಿಗಳಿಗೆ ಕಾರು ಹೋಗುವುದಿಲ್ಲ. ಸಾಮಾನುಗಳನ್ನು ಕತ್ತೆ, ಹೇಸರಗತ್ತೆಗಳ ಮೇಲೂ ಕೈಗಾಡಿಗಳಲ್ಲೂ ಸಾಗಿಸುತ್ತಾರೆ. ಆದ್ದರಿಂದ ವಸತಿ ಕಾಯ್ದಿರಿಸುವಾಗಲೇ ಯಾವ ಹೆಬ್ಬಾಗಿಲಿನ ಬಳಿ ಇಳಿಯಬೇಕು, ಅಲ್ಲಿಗೆ ಬಂದು ಕರೆದೊಯ್ಯುವವರು ಯಾರು ಎಂದು ಕೇಳಿಕೊಳ್ಳಿ, ಕತ್ತಲಾಗುವ ಮುನ್ನ ತಲುಪುವಂತೆ ರೈಲನ್ನು ಆರಿಸಿಕೊಳ್ಳಿ.

ವೀಸಾ ನಿಯಮಗಳನ್ನು ಅಧಿಕೃತ ಜಾಲತಾಣದಲ್ಲೇ ನೋಡಿ. ಅಲ್ಲಿನ ನಾಣ್ಯವಾದ ದಿರ್ಹಮ್ ಅನ್ನು ದೇಶದೊಳಗೆ ತರಲು, ಹೊರಗೆ ಒಯ್ಯಲು ಕಟ್ಟುನಿಟ್ಟಿನ ಮಿತಿಯಿರುವುದರಿಂದ, ಯೂರೊ ಅಥವಾ ಡಾಲರ್ ಒಯ್ದು ಅಲ್ಲಿಯೇ ಬದಲಾಯಿಸಿಕೊಳ್ಳಿ. ಡ್ರೋನ್ ಒಯ್ಯಬೇಡಿ; ಕಸ್ಟಮ್ಸ್‌ನಲ್ಲಿ ವಶಪಡಿಸಿಕೊಳ್ಳುತ್ತಾರೆ.

ಸಸ್ಯಾಹಾರಿಗಳು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ: ತರಕಾರಿ ತಜೀನ್ (ಮಣ್ಣಿನ ಪಾತ್ರೆಯಲ್ಲಿ ನಿಧಾನವಾಗಿ ಬೇಯಿಸುವ ಖಾದ್ಯ) ಎಂದು ಬಡಿಸುವುದನ್ನೂ ಕೆಲವೆಡೆ ಮಾಂಸದ ಸಾರಿನಲ್ಲಿ ಬೇಯಿಸಿರುತ್ತಾರೆ, ಹರೀರಾ ಸೂಪಿನಲ್ಲೂ ಹಲವು ಬಾರಿ ಮಾಂಸವಿರುತ್ತದೆ. ನಮ್ಮ ಬದನೆಕಾಯಿ ಎಣ್ಣೆಗೊಜ್ಜನ್ನು ನೆನಪಿಸುವ ಜಾಲೂಕ್, ಬ್ರೆಡ್ಡು, ಆಲಿವ್ ಹಣ್ಣುಗಳು ಹೊಟ್ಟೆ ತುಂಬಿಸುತ್ತವೆ. ರಂಜಾನ್ ತಿಂಗಳಲ್ಲಿ ಹಗಲು ಅನೇಕ ಹೋಟೆಲುಗಳು ಮುಚ್ಚಿರುವುದರಿಂದ ದಿನಾಂಕ ಗೊತ್ತುಪಡಿಸುವ ಮುನ್ನ ಆ ವರ್ಷದ ಪಂಚಾಂಗವನ್ನು ನೋಡಿಕೊಳ್ಳಿ.