ಒಂದೇ ಪಟ್ಟಿಯಿಂದ ಎಲ್ಲ ಪುಟಗಳ ಮೆಟಾ ಟ್ಯಾಗ್

ಚಿತ್ರದುರ್ಗ ಜಿಲ್ಲೆಯ ಪ್ರವಾಸಿ ತಾಣಗಳ ಜಾಲತಾಣವೊಂದನ್ನು ನೋಡಿಕೊಳ್ಳುತ್ತೇನೆ. ಒನಕೆ ಓಬವ್ವನ ಕಿಂಡಿ, ಚಂದ್ರವಳ್ಳಿ, ಬ್ರಹ್ಮಗಿರಿ, ಹೀಗೆ ಒಂದೊಂದಕ್ಕೂ ಒಂದೊಂದು ಪುಟ. ಪುಟದ ಹೆಸರು, ವಿವರ, ಚಿತ್ರಗಳನ್ನು ಗೂಗಲ್, ವಾಟ್ಸ್‌ಆ್ಯಪ್‌ಗಳಿಗೆ ತಿಳಿಸಲು ಪುಟದ ಕೋಡ್‌ನಲ್ಲಿ ಇಡುವ ಮೆಟಾ ಟ್ಯಾಗ್‌ಗಳನ್ನು ಕೈಯಲ್ಲಿ ಬರೆಯುವುದಿಲ್ಲ. ಬರೆಯಲು ಹೊರಟವರನ್ನೂ ತಡೆಯುತ್ತೇನೆ. ತಾಣದ ಹೆಸರು ಟೈಟಲ್‌, ಓಜಿ ಟೈಟಲ್‌ (ಕೊಂಡಿ ಹಂಚಿದಾಗ ಕಾಣುವ ಶೀರ್ಷಿಕೆ), ಜೇಸನ್-ಎಲ್‌ಡಿ (ಹುಡುಕುಯಂತ್ರಗಳಿಗೆಂದು ಪುಟದ ಮಾಹಿತಿ ಬರೆದಿಡುವ ತುಣುಕು) ಮೂರರಲ್ಲೂ ಬರಬೇಕು. ಕೈಯಲ್ಲಿ ತಿದ್ದಲು ಹೋದರೆ ಯಾವುದೋ ಒಂದು ಹಳೆಯದಾಗಿಯೇ ಉಳಿಯುತ್ತದೆ.

ಮೊದಲು ಸ್ಪ್ರೆಡ್‌ಶೀಟ್ ಮಾಡಿ. ತಾಣಕ್ಕೊಂದು ಸಾಲು, ಹೆಸರು, ವಿವರ, ಪುಟದ ವಿಳಾಸ, ಚಿತ್ರದ ವಿಳಾಸ, ಅಕ್ಷಾಂಶ, ರೇಖಾಂಶಗಳಿಗೆ ಒಂದೊಂದು ಕಾಲಂ. ಯುಟಿಎಫ್-8 ಸಿಎಸ್‌ವಿ ಆಗಿ, ಅಂದರೆ ಕನ್ನಡ ಅಕ್ಷರ ಕೆಡದ ಸಂಕೇತದಲ್ಲಿ, ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಕಡತವಾಗಿ ಉಳಿಸಿ. ಎಕ್ಸೆಲ್ ಕಡತದ ತಲೆಗೆ ಕಾಣದ ಗುರುತೊಂದನ್ನು ಅಂಟಿಸುತ್ತದೆ. ಟ್ಯಾಗ್ ಬರೆಯುವ ಕೋಡ್ ಪೈಥಾನ್ ಭಾಷೆಯಲ್ಲಿ ಈ ಕಡತವನ್ನು ಓದುವಾಗ ‘ಯುಟಿಎಫ್-8-ಸಿಗ್’ ಎಂದು ಹೇಳದಿದ್ದರೆ ಮೊದಲ ಕಾಲಂ ಸಿಗುವುದೇ ಇಲ್ಲ.

ಸಮಯ ಹಾಕಬೇಕಾದದ್ದು ವಿವರದ ಕಾಲಂಗೆ. ‘ಪ್ರವಾಸಿಗರ ಸ್ವರ್ಗ, ಒಮ್ಮೆ ಭೇಟಿ ಕೊಡಿ’ ಎಂಬ ಸಾಲು ಯಾವ ಊರಿಗೂ ಹೊಂದುತ್ತದೆ, ಅಂದರೆ ಯಾವ ಊರಿಗೂ ಉಪಯೋಗವಿಲ್ಲ. ಬ್ರಹ್ಮಗಿರಿಗೆ ಹೀಗೆ ಬರೆಯಿರಿ: ‘ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ, 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಉತ್ಖನನ ನಡೆಸಿದರು.’ ಹುಡುಕುವವರಿಗೆ ಬೇಕಾದದ್ದು ಅದರಲ್ಲಿದೆ.

ಉದ್ದದ ವಿಷಯದಲ್ಲಿ ಕನ್ನಡಕ್ಕೆ ತನ್ನದೇ ತೊಡಕಿದೆ. ಗೂಗಲ್ ವಿವರಕ್ಕೆ ಇಂತಿಷ್ಟೇ ಎಂಬ ಮಿತಿ ಹಾಕಿಲ್ಲ. ಪರದೆಯಲ್ಲಿ ಹಿಡಿಯುವಷ್ಟನ್ನು ತೋರಿಸುತ್ತದೆ. ಆದರೂ 160 ಅಕ್ಷರಕ್ಕೆ ಕತ್ತರಿಸುವ ಕೋಡ್ ಎಲ್ಲೆಡೆ ಸಿಗುತ್ತದೆ. ‘ಚಿತ್ರದುರ್ಗ’ ಕಣ್ಣಿಗೆ ನಾಲ್ಕೇ ಅಕ್ಷರ. ಗುಣಿತ, ಒತ್ತುಗಳ ಗುರುತನ್ನೂ ಬೇರೆಬೇರೆ ಲೆಕ್ಕ ಹಿಡಿಯುವ ಪೈಥಾನ್ ಎಣಿಕೆಯಲ್ಲಿ 10, ಯುಟಿಎಫ್-8 ಬೈಟ್‌ಗಳಲ್ಲಿ 30. ಒಂಬತ್ತಕ್ಕೆ ಕತ್ತರಿಸಿದರೆ ‘ಚಿತ್ರದುರ್’ ಉಳಿಯುತ್ತದೆ. ನಾಲ್ಕಕ್ಕೆ ಕತ್ತರಿಸಿದರೆ ‘ಚಿತ್’ ಆಗಿ ಕೋಟೆಯೇ ಮಾಯ. ಮಿತಿಯೊಳಗಿನ ಕೊನೆಯ ಖಾಲಿ ಜಾಗ ಹುಡುಕಿ ಅಲ್ಲಿಗೆ ನಿಲ್ಲಿಸಿ. ಪದ ಇಡಿಯಾಗಿ ಉಳಿದರೆ ಒತ್ತಕ್ಷರವೂ ಉಳಿಯುತ್ತದೆ.

ಇನ್ನು ಟೆಂಪ್ಲೇಟ್, ಅಂದರೆ ಪಟ್ಟಿಯ ಮಾಹಿತಿ ತುಂಬಿಕೊಳ್ಳುವ ಪುಟದ ಅಚ್ಚು. ಪೈಥಾನ್‌ನ ಜಿಂಜಾ ಸಾಕು, ಆದರೆ ಟ್ಯಾಗ್ ಕೆಡಿಸುವ ಚಿಹ್ನೆಗಳನ್ನು ಸುರಕ್ಷಿತ ರೂಪಕ್ಕೆ ಬದಲಿಸುವ ಅದರ ಆಟೋಎಸ್ಕೇಪ್ ತಾನಾಗಿ ಚಾಲೂ ಇರುವುದಿಲ್ಲ, ನೀವೇ ಹಾಕಬೇಕು. ಇಲ್ಲವಾದರೆ ವಿವರದೊಳಗೆ ಯಾರಾದರೂ "ಏಳುಸುತ್ತಿನ ಕೋಟೆ" ಎಂದು ಜೋಡಿ ಉದ್ಧರಣ ಚಿಹ್ನೆಯಲ್ಲಿ ಬರೆದ ದಿನ ಟ್ಯಾಗ್ ಅಲ್ಲಿಗೇ ಮುಗಿದು, ಉಳಿದ ಪದಗಳು ಬೀದಿಪಾಲಾಗುತ್ತವೆ. ಜೇಸನ್-ಎಲ್‌ಡಿಯನ್ನು ಮಾತ್ರ ಟೆಂಪ್ಲೇಟ್‌ನಲ್ಲಿ ತುಂಡುತುಂಡಾಗಿ ಜೋಡಿಸಬೇಡಿ. ಪೈಥಾನ್‌ನ ಜೇಸನ್ ಲೈಬ್ರರಿಯಿಂದ ಇಡಿಯಾಗಿ ಬರೆಸಿ. ಈ ಮಾಹಿತಿಗೆ ವರ್ಗಗಳನ್ನು ಪಟ್ಟಿ ಮಾಡಿರುವ ಸ್ಕೀಮಾ ಡಾಟ್ ಆರ್ಗ್‌ನಲ್ಲಿ ಇಂಥ ತಾಣಗಳಿಗೆಂದೇ ಟೂರಿಸ್ಟ್ ಅಟ್ರ್ಯಾಕ್ಷನ್ ಎಂಬ ವರ್ಗವಿದೆ.

ಪಟ್ಟಿಯಲ್ಲಿ ಕೋಶ ಖಾಲಿ ಇದ್ದರೆ ಆ ಟ್ಯಾಗನ್ನೇ ಬಿಟ್ಟುಬಿಡಿ. ಖಾಲಿ ವಿವರದ ಟ್ಯಾಗ್ ಯಾರಿಗೂ ಬೇಡ. ಹೆಸರೇ ಇಲ್ಲದಿದ್ದರೆ ಕೋಡ್ ಅಲ್ಲೇ ನಿಂತು ಕೂಗಬೇಕು.

ಓಜಿ ಚಿತ್ರಕ್ಕೆ ಎಚ್‌ಟಿಟಿಪಿಎಸ್‌ನಿಂದ ಶುರುವಾಗುವ ಪೂರ್ಣ ವಿಳಾಸ ಕೊಡಿ. 1200 ಬೈ 630 ಪಿಕ್ಸೆಲ್ ಇರಲಿ. ಟ್ಯಾಗ್‌ಗಳು ಸರ್ವರ್ ಕಳುಹಿಸುವ ಪುಟದಲ್ಲೇ ಇರಬೇಕು, ಜಾವಾಸ್ಕ್ರಿಪ್ಟ್‌ನಿಂದ ಆಮೇಲೆ ಸೇರಿಸಿದ್ದು ವಾಟ್ಸ್‌ಆ್ಯಪ್‌ಗೆ ಕಾಣುವುದಿಲ್ಲ. ಪರೀಕ್ಷೆಗೆ ಕೊಂಡಿಯನ್ನು ನಿಮಗೆ ನೀವೇ ವಾಟ್ಸ್‌ಆ್ಯಪ್ ಮಾಡಿಕೊಳ್ಳಿ. ತಿದ್ದಿದ ಮೇಲೂ ಹಳೆಯ ಚಿತ್ರವೇ ಬಂದರೆ ಗಾಬರಿ ಬೇಡ: ಕೊಂಡಿಯ ತುದಿಗೆ ಪ್ರಶ್ನಾರ್ಥಕ ಚಿಹ್ನೆ ಮತ್ತು ಒಂದು ಅಂಕಿ ಸೇರಿಸಿ ಮತ್ತೆ ಕಳುಹಿಸಿ.