ಕಾಯಿಲ್ ಒಲೆಗೆ ಬಿಗಿದ ತಾಮ್ರದ ಗಂಟು

ಬೆಂಗಳೂರಿನ ಪೀಣ್ಯದ ಒಂದು ಶೆಡ್ಡಿನಲ್ಲಿ ಮೋಟಾರ್ ರಿವೈಂಡಿಂಗ್, ಅಂದರೆ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ಕೆಲಸ, ಕಲಿಯಲು ಸೇರಿದ ಹೊಸತರಲ್ಲಿ, ತಂತಿ ಎಂದರೆ ತಾಮ್ರ, ಉಳಿದದ್ದೆಲ್ಲ ಅಗ್ಗದ ಸರಕು ಎಂದುಕೊಂಡಿದ್ದೆ. ಆ ಹೆಮ್ಮೆ ಇಳಿಸಿದ್ದು ಪಕ್ಕದ ಮನೆಯವರ ಕಾಯಿಲ್ ಒಲೆ, ತಂತಿಯ ಸುರುಳಿ ಕಾಯುವ ವಿದ್ಯುತ್ ಒಲೆ. ಸುರುಳಿ ಒಂದೆಡೆ ತುಂಡಾಗಿತ್ತು. ಎರಡು ತುದಿಗಳ ನಡುವೆ ತಾಮ್ರದ ಚೂರನ್ನು ಸುತ್ತಿ ಬಿಗಿದು ಕೊಟ್ಟೆ. ಒಲೆ ಕೆಂಪಗೆ ಕಾದಿತು. ಮೂರನೆಯ ದಿನ ವಾಪಸು ಬಂತು. ನನ್ನ ಗಂಟು ಕಪ್ಪಗೆ ಹೊಟ್ಟಿನಂತೆ ಉದುರುತ್ತಿತ್ತು.

ಮೇಸ್ತ್ರಿ ಬೈಯಲಿಲ್ಲ. ಆ ಹೊಟ್ಟನ್ನು ನನ್ನ ಅಂಗೈಗೆ ಸುರಿದು, ಸುರುಳಿಯ ಉಳಿದ ಭಾಗ ಏಕೆ ಹಾಗಾಗಿಲ್ಲ ನೋಡು ಎಂದರು. ಅದು ನೈಕ್ರೋಮ್: ಸುಮಾರು 80 ಭಾಗ ನಿಕ್ಕಲ್, 20 ಭಾಗ ಕ್ರೋಮಿಯಂ. ಕಾದಾಗ ಅದರ ಮೇಲೆ ಕ್ರೋಮಿಯಂ ಆಕ್ಸೈಡಿನ ತೆಳು ಪೊರೆ ಕಚ್ಚಿಕೊಂಡು ಒಳಗಿನ ಲೋಹವನ್ನು ಗಾಳಿಯಿಂದ ಕಾಯುತ್ತದೆ. ತಾಮ್ರದ ಪೊರೆ ಹಾಗಲ್ಲ, ಕಾದು ಆರಿದಂತೆಲ್ಲ ಸುಲಿದು ಬೀಳುತ್ತದೆ. ಪ್ರತಿ ಸಲ ಹೊಸ ತಾಮ್ರ ಸುಡಬೇಕು. ಜೊತೆಗೆ ವಿದ್ಯುತ್ತನ್ನು ತಡೆಯುವುದರಲ್ಲಿ ನೈಕ್ರೋಮ್ ತಾಮ್ರಕ್ಕಿಂತ ಅರವತ್ತು ಪಟ್ಟಿಗೂ ಮಿಗಿಲು. ಮೋಟಾರಿಗೆ ಶತ್ರುವಾದ ಆ ಮೊಂಡುತನವೇ ಒಲೆಗೆ ಅನ್ನ.

ಎರಡನೆಯ ಪೆಟ್ಟು ನೀರಿನ ಪಂಪಿನದು. ತಾಮ್ರದ ವೈಂಡಿಂಗ್ ಸುಟ್ಟಿತ್ತು; ಮಾಲೀಕರು ಖರ್ಚು ಕಡಿಮೆ ಮಾಡಿ ಎಂದರು. ಅದೇ ಗೇಜಿನ, ಅಂದರೆ ಅಷ್ಟೇ ದಪ್ಪದ, ಅಲ್ಯೂಮಿನಿಯಂ ತಂತಿಯನ್ನು ಅಷ್ಟೇ ಸುತ್ತು ಹಾಕಿದೆ. ಪಂಪಿನ ಮೈ ಮುಟ್ಟಲಾಗದಷ್ಟು ಕಾಯಿತು. ಅಲ್ಯೂಮಿನಿಯಂನ ರೋಧ ತಾಮ್ರದ ಸುಮಾರು 1.6 ಪಟ್ಟು. ಅದನ್ನು ಸರಿದೂಗಿಸಲು ತಂತಿಯ ದಪ್ಪವನ್ನು ಕಾಲು ಭಾಗಕ್ಕೂ ಹೆಚ್ಚು ಏರಿಸಬೇಕು. ಅಷ್ಟು ದಪ್ಪದ್ದು ಮೋಟಾರಿನಲ್ಲಿ ತಂತಿ ಕೂರುವ ಸ್ಲಾಟಿನೊಳಗೆ ಹಿಡಿಸುವುದಿಲ್ಲ. ಬೆಸುಗೆಯೂ ನಿಲ್ಲಲಿಲ್ಲ, ಉಜ್ಜಿದ ಮರುಕ್ಷಣವೇ ಅದರ ಮೇಲೆ ಆಕ್ಸೈಡ್ ಕಟ್ಟುತ್ತದೆ. ಕೊನೆಗೆ ನನ್ನ ಕೂಲಿ ಬಿಟ್ಟು ತಾಮ್ರವನ್ನೇ ಸುತ್ತಿಕೊಟ್ಟೆ. ಆದರೂ ಅಲ್ಯೂಮಿನಿಯಂ ಅನ್ನು ಹಳಿಯುವವನಲ್ಲ ನಾನು. ಅದರ ತೂಕ ತಾಮ್ರದ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಹೊಲಗಳ ಮೇಲೆ ಗೋಪುರದಿಂದ ಗೋಪುರಕ್ಕೆ ಹಾಯುವ ತಂತಿಗೆ ಅದೇ ಸರಿ, ಎಳೆತ ತಾಳಲು ನಡುವೆ ಉಕ್ಕಿನ ಎಳೆ ಇದ್ದರಾಯಿತು.

ಮೋಸದ ವಿಷಯ ಬೇರೆ. ಒಮ್ಮೆ ಎಸ್.ಪಿ. ರಸ್ತೆಯಲ್ಲಿ ತಾಮ್ರವೆಂದು ಕೊಂಡ ಸುರುಳಿ ಕೈಗೆ ತೀರ ಹಗುರವೆನಿಸಿತು. ಅರದಿಂದ ತುದಿ ಉಜ್ಜಿದರೆ ಒಳಗೆ ಬೆಳ್ಳಗೆ: ತಾಮ್ರದ ಹೊದಿಕೆ ಹೊತ್ತ ಅಲ್ಯೂಮಿನಿಯಂ. ಅಂದಿನಿಂದ ಜೇಬಿನಲ್ಲಿ ಒಂದು ಚಿಕ್ಕ ಅರ ಇಟ್ಟುಕೊಂಡೇ ಅಂಗಡಿ ಹತ್ತುತ್ತೇನೆ. ಅದನ್ನು ಹೊರತೆಗೆದೊಡನೆ ಕೆಲವು ವ್ಯಾಪಾರಿಗಳು ಹೇಳದೆಯೇ ಬೇರೆ ಸುರುಳಿ ತಂದಿಡುತ್ತಾರೆ.