ಮಗಳ ಕೈಗೆ 2010ರ ಸ್ವಿಫ್ಟ್: ಏನು ಹಾಕಿಸಿದೆ, ಏನು ಬಿಟ್ಟೆ

ನಮ್ಮದು 2010ರ ಸ್ವಿಫ್ಟ್ ವಿಎಕ್ಸ್‌ಐ, 1.2 ಲೀಟರ್ ಪೆಟ್ರೋಲ್, ಕೆಎ-17 ನಂಬರು. 15 ವರ್ಷ ತುಂಬಿದ ಮೇಲೆ ಎಫ್‌ಸಿ ಮಾಡಿಸಿ, ಗ್ರೀನ್ ಟ್ಯಾಕ್ಸ್ ಕಟ್ಟಿ, ಆರ್‌ಸಿಯನ್ನು ಇನ್ನೈದು ವರ್ಷಕ್ಕೆ ರಿನ್ಯೂವಲ್ ಮಾಡಿಸಿದೆ. ಅದೇ ಹೊತ್ತಿಗೆ ಮಗಳಿಗೆ ಡಿಎಲ್ ಬಂತು, ಹರಿಹರದಲ್ಲಿ ಕೆಲಸವೂ ಸಿಕ್ಕಿತು. ಮಾರಿದರೆ ಬರೋದು ಪುಡಿಗಾಸು. ಇಂಜಿನ್ ಇನ್ನೂ ಗಟ್ಟಿಯಿದೆ, ಟೈಮಿಂಗ್ ಚೈನ್ ಇರೋದರಿಂದ ಬೆಲ್ಟ್ ಬದಲಿಸುವ ತಲೆನೋವೂ ಇಲ್ಲ. ದಾವಣಗೆರೆ-ಹರಿಹರ ಓಡಾಡಲು ಇದೇ ಸಾಕು ಅಂತ ತೀರ್ಮಾನಿಸಿದೆವು.

ಅವಳಿಗೆ ಬೇಕಿದ್ದದ್ದು ಟಚ್ ಸ್ಕ್ರೀನು, ಅಲಾಯ್ ವ್ಹೀಲು, ಎಲ್‌ಇಡಿ ಹೆಡ್‌ಲೈಟು. ನಾನು ಹಿಡಿದ ದಾರಿ ಬೇರೆ. 2019ರಲ್ಲಿ ಹೊಸ ಕಾರುಗಳಿಗೆ ಕಡ್ಡಾಯವಾದದ್ದನ್ನೆಲ್ಲ ಒಂದು ಹಾಳೆ ಮೇಲೆ ಬರೆದುಕೊಂಡೆ: ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದರೂ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ), ಚಾಲಕರ ಏರ್‌ಬ್ಯಾಗ್, ಸೀಟ್ ಬೆಲ್ಟ್ ಬೀಪು, ವೇಗ 80 ದಾಟಿದರೆ ಬೀಪು, ಹಿಂದಿನ ಪಾರ್ಕಿಂಗ್ ಸೆನ್ಸರ್. ಇವುಗಳಲ್ಲಿ ನಮ್ಮ ಗಾಡಿಯಲ್ಲಿ ಒಂದೂ ಇಲ್ಲ. ಯಾವುದನ್ನು ಕೂರಿಸಬಹುದು, ಕೂರದೇ ಇದ್ದರೆ ಬದಲಿಗೆ ಏನು ಮಾಡಬಹುದು ಅನ್ನೋದಷ್ಟೇ ಲೆಕ್ಕ.

ಏರ್‌ಬ್ಯಾಗ್ ಮಾತ್ರ ಆಗದ ಮಾತು. ಸ್ಟೀರಿಂಗ್ ಒಳಗೆ ಚೀಲ ತುರುಕಿದರೆ ಮುಗಿಯಲ್ಲ, ಡಿಕ್ಕಿ ಗುರುತಿಸುವ ಸೆನ್ಸರು, ಕಂಟ್ರೋಲ್ ಯೂನಿಟ್ಟು ಎಲ್ಲ ಆ ಕಾರಿನ ಬಾಡಿಯ ರಚನೆಗೆ ಹೊಂದುವಂತೆ ಕಂಪನಿಯಲ್ಲೇ ಆಗಿರಬೇಕು. ನಮ್ಮದಕ್ಕಿಂತ ನಂತರದ ಸ್ವಿಫ್ಟನ್ನೇ 2014ರಲ್ಲಿ ಕಾರು ಗುದ್ದಿಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್‌ನವರು ಏರ್‌ಬ್ಯಾಗ್ ಇಲ್ಲದೆ ಗುದ್ದಿಸಿ ನೋಡಿದಾಗ ದೊಡ್ಡವರ ರಕ್ಷಣೆಗೆ ಸಿಕ್ಕಿದ್ದು ಸೊನ್ನೆ ಸ್ಟಾರ್. ಇದನ್ನು ಮಗಳಿಗೂ ತೋರಿಸಿದೆ. ರಾತ್ರಿ ಹೊತ್ತು ಈ ಕಾರಲ್ಲಿ ಒಬ್ಬಳೇ ಹೈವೇ ಹತ್ತಬಾರದು ಅನ್ನೋ ನಿಯಮ ಅಲ್ಲಿಂದಲೇ ಬಂತು. ಬೇಜಾರು ಮಾಡಿಕೊಂಡಳು, ವಾದ ಮಾಡಲಿಲ್ಲ.

ಏರ್‌ಬ್ಯಾಗ್ ಇಲ್ಲ ಅಂದಮೇಲೆ ಉಳಿದದ್ದು ಬೆಲ್ಟು. ಎಳೆ ಎದ್ದಿದ್ದ ಚಾಲಕರ ಕಡೆಯ ಬೆಲ್ಟನ್ನು ಪೂರ್ತಿ ಸೆಟ್ಟೇ ಬದಲಿಸಿದೆ. ಹಿಂದಿನ ಸೀಟಿನ ಬಕಲ್‌ಗಳು ಎಷ್ಟೋ ವರ್ಷದಿಂದ ಸೀಟ್ ಕವರ್ ಅಡಿಯಲ್ಲಿ ಹೂತು ಹೋಗಿದ್ದವು. ಕವರ್ ಹೊಲಿಯೋರು ಅವನ್ನು ಒಳಗೆ ತಳ್ಳಿ ಚೆಂದ ಮಾಡಿಬಿಡುತ್ತಾರೆ. ನಿಮ್ಮ ಗಾಡಿಯಲ್ಲೂ ಒಮ್ಮೆ ಕೈ ಹಾಕಿ ನೋಡಿ.

ಎಬಿಎಸ್ ಕೂಡ ಹಳೇ ಗಾಡಿಗೆ ಕೂರಿಸುವ ವಸ್ತುವಲ್ಲ. ಅದರ ಬದಲು ಇರೋ ಬ್ರೇಕನ್ನೇ ಹೊಸದರಂತೆ ಮಾಡಿಸಿದೆ. ಮುಂದಿನ ಡಿಸ್ಕು, ಪ್ಯಾಡು, ಹಿಂದಿನ ಶೂ, ಬಿರುಕು ಬಿಟ್ಟಿದ್ದ ರಬ್ಬರ್ ಹೋಸು, ಎಲ್ಲ ಬದಲಾಯಿತು. ಹಳೇ ಬ್ರೇಕ್ ಆಯಿಲ್ ಬಾಟಲಿಗೆ ಇಳಿದಾಗ ಕಾಫಿ ಡಿಕಾಕ್ಷನ್ನಿನಂತೆ ಕಪ್ಪಗಿತ್ತು. ಈ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತೆ. ಬ್ರೇಕ್ ಕಾದಾಗ ಆ ನೀರು ಕುದಿದು ಆವಿಯಾದರೆ ಪೆಡಲ್ ಮೆತ್ತಗಾಗಿ ಒಳಗೆ ಹೋಗುತ್ತೆ. ಕಿಲೋಮೀಟರ್ ಎಷ್ಟೇ ಆಗಿರಲಿ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು.

ಆಮೇಲೆ ಶಾಮನೂರು ಆಚೆ, ಇನ್ನೂ ಮನೆ ಏಳದ ಲೇಔಟ್ ಒಂದರಲ್ಲಿ ಅವಳಿಗೆ ಅಭ್ಯಾಸ. 40ರಲ್ಲಿ ಹೋಗುತ್ತಾ ಪೂರ್ತಿ ಬ್ರೇಕ್ ತುಳಿ, ಸ್ಟೀರಿಂಗ್ ತಿರುಗಿಸು ಅಂದೆ. ಚಕ್ರ ಲಾಕ್ ಆಯಿತು, ಸ್ಟೀರಿಂಗ್ ತಿರುಗಿದರೂ ಗಾಡಿ ಮೂತಿ ತಿರುಗಿಸದೆ ನೇರಕ್ಕೇ ಜಾರಿತು. “ಅಪ್ಪಾಜಿ, ತಿರುಗ್ತಾನೇ ಇಲ್ಲ!” ಅಂತ ಕಿರುಚಿದಳು. ಕಾಲು ಸ್ವಲ್ಪ ಸಡಿಲಿಸು ಅಂದೆ. ಚಕ್ರ ಉರುಳಿತು, ಗಾಡಿ ತಿರುಗಿತು. ಒತ್ತು, ಲಾಕ್ ಆಯ್ತಾ, ಬಿಡು, ಮತ್ತೆ ಒತ್ತು. ಎಬಿಎಸ್ ಕ್ಷಣಕ್ಕೆ ಎಷ್ಟೋ ಸಲ ಮಾಡುವ ಕೆಲಸವನ್ನು ಕಾಲು ಅಷ್ಟು ಚುರುಕಾಗಿ ಮಾಡಲಾರದು, ಆದರೆ ಗಾಬರಿಯಲ್ಲಿ ಪೆಡಲ್ ಮೇಲೆ ನಿಂತುಬಿಡೋದಂತೂ ತಪ್ಪುತ್ತೆ.

ಹೆಚ್ಚು ದುಡ್ಡು ಹೋಗಿದ್ದು ಟೈರಿಗೆ, ನಾಲ್ಕಕ್ಕೆ 20 ಸಾವಿರ ದಾಟಿತು. ಹಳೆಯವುಗಳಲ್ಲಿ ಗುಂಡಿ (ನೆಲ ಹಿಡಿಯುವ ಉಬ್ಬು) ಇನ್ನೂ ಚೆನ್ನಾಗಿತ್ತು, ಆದರೆ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕಂಕಿ ನೋಡಿದರೆ 2017ರವು. ಅದರ ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ. ನಮ್ಮ ಕಡೆ ಬಿಸಿಲಿಗೆ ರಬ್ಬರು ಸವೆಯೋಕೆ ಮುಂಚೆ ಒಣಗಿ ಗಟ್ಟಿಯಾಗುತ್ತೆ. ಅಳತೆ 165/80 ಆರ್14 ಇತ್ತು, ಅದೇ ರಿಮ್ಮಿಗೆ ಇನ್ನೂ ಅಗಲವಾದ 185/70 ಆರ್14 ಹಾಕಿಸಿದೆ. ಇದನ್ನು ಕಂಪನಿಯೇ ಝಡ್‌ಎಕ್ಸ್‌ಐ ಮಾದರಿಗೆ ಕೊಟ್ಟಿತ್ತು. ವ್ಯಾಸದಲ್ಲಿ ಶೇ 1ರಷ್ಟೂ ವ್ಯತ್ಯಾಸ ಬರಲ್ಲ, ಸ್ಪೀಡೋಮೀಟರ್ ಸುಳ್ಳು ಹೇಳಲ್ಲ. ಸ್ಟೀರಿಂಗ್ ಕೊಂಚ ಭಾರ, ಮೈಲೇಜ್ ಒಂಚೂರು ಕಮ್ಮಿ. ಅಲಾಯ್‌ಗೆ ಇಲ್ಲಿಗೇ ದುಡ್ಡು ಮುಗಿಯಿತು ಅಂದೆ.

ಲೈಟಿನ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಹಟಮಾರಿ. ಗ್ಯಾರೇಜ್ ಮೇಸ್ತ್ರಿ, “ಯಾಕ್ ಸಾರ್ ಇಷ್ಟ್ ತಲೆ ಕೆಡಿಸ್ಕೊಂತೀರಿ, ಎಲ್‌ಇಡಿ ಬಲ್ಬ್ ಹಾಕಿ ಬಿಡ್ರಿ” ಅಂದ. ಹ್ಯಾಲೊಜೆನ್‌ಗೆಂದು ಮಾಡಿದ ರಿಫ್ಲೆಕ್ಟರ್‌ಗೆ ಎಲ್‌ಇಡಿ ಹಾಕಿದರೆ ಬೆಳಕು ಚೆಲ್ಲಾಪಿಲ್ಲಿಯಾಗಿ ಎದುರಿನವರ ಕಣ್ಣಿಗೆ ಹೊಡೆಯುತ್ತೆ, ನಮ್ಮ ರಸ್ತೆ ಮಾತ್ರ ಹಾಗೇ ಕತ್ತಲು. ಮೊದಲು ನೋಡಬೇಕಾದ್ದು ಹಳದಿಗಟ್ಟಿದ ಗ್ಲಾಸನ್ನು. ಗ್ಲಾಸು ಅನ್ನುತ್ತೇವೆ, ಇರೋದು ಪ್ಲಾಸ್ಟಿಕ್ಕು. ಸುತ್ತ ಬಣ್ಣಕ್ಕೆ ಟೇಪ್ ಅಂಟಿಸಿ, ನೀರು ಬಿಡುತ್ತಾ 800, ಆಮೇಲೆ 1500, 2000 ನಂಬರಿನ ವಾಟರ್ ಪೇಪರ್‌ನಲ್ಲಿ ಉಜ್ಜಿದೆ. ಮೊದಲ ಪೇಪರಿಗೆ ಹಾಲಿನಂಥ ಹಳದಿ ನೀರು ಇಳಿದು, ಗ್ಲಾಸು ಪೂರ್ತಿ ಮಂಜಾಗಿ ಎದೆ ಝಲ್ಲೆನ್ನುತ್ತೆ. ಹೆದರಬೇಡಿ, 2000 ಮುಗಿದು ರಬ್ಬಿಂಗ್ ಕಾಂಪೌಂಡ್ ಹಚ್ಚುವ ಹೊತ್ತಿಗೆ ಒಳಗಿನ ಬಲ್ಬು ಕಾಣುತ್ತೆ. ಕೊನೆಗೆ ಬಿಸಿಲು ತಡೆಯುವ ಕ್ಲಿಯರ್ ಕೋಟ್ ಹೊಡೆಯದಿದ್ದರೆ ಬೇಗ ಮತ್ತೆ ಹಳದಿಯಾಗುತ್ತೆ.

ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8 ವೋಲ್ಟ್ ತೋರಿಸುತ್ತಿದ್ದ ಮೀಟರು ಬಲ್ಬಿನ ಪಿನ್ನಿನಲ್ಲಿ 12.4ರ ಆಸುಪಾಸು ತೋರಿಸಿತು. ಉಳಿದದ್ದನ್ನು ಹಳೇ ವೈರು, ಸ್ವಿಚ್ಚು ನುಂಗುತ್ತಿದ್ದವು. ಹ್ಯಾಲೊಜೆನ್‌ನಲ್ಲಿ ವೋಲ್ಟೇಜ್ ಶೇ 10 ಇಳಿದರೆ ಬೆಳಕು ಶೇ 30ರಷ್ಟು ಇಳಿಯುತ್ತೆ. ಬ್ಯಾಟರಿಯಿಂದ ನೇರ, ಫ್ಯೂಸ್ ಸಮೇತ ದಪ್ಪ ವೈರಿನ ರಿಲೇ ಕಿಟ್ (ಬಲ್ಬಿನ ಕರೆಂಟು ಹಳೇ ಸ್ವಿಚ್ಚಿನ ಮೂಲಕ ಹೋಗದಂತೆ ಮಾಡುವ ಸಾಧನ) ಹಾಕಿ, ಬಲ್ಬು ಅದೇ 60/55 ವ್ಯಾಟಿನ ಎಚ್4 ಇಟ್ಟೆ. ಸಾವಿರ ರೂಪಾಯಿ ಆಸುಪಾಸಿನ ಕೆಲಸ. ಗೋಡೆ ಎದುರು ನಿಲ್ಲಿಸಿ ಡಿಮ್ಮು ಅಡ್ಜಸ್ಟ್ ಮಾಡಿದೆವು. ಹೈವೇ ಹತ್ತದಿದ್ದರೂ, ಚಳಿಗಾಲದಲ್ಲಿ ಕೆಲಸ ಬಿಡೋ ಹೊತ್ತಿಗೇ ಕತ್ತಲಾಗಿರುತ್ತೆ. ಹಿಂದೆ ಒಂದು ರಿಫ್ಲೆಕ್ಟರೂ ಇಲ್ಲದ ಕಬ್ಬಿನ ಟ್ರ್ಯಾಕ್ಟರು, ರಸ್ತೆ ಅಂಚಿಗೆ ಹರವಿದ ಮೆಕ್ಕೆಜೋಳ, ಜೋಳ ಹಾರದಂತೆ ಇಟ್ಟ ಕಲ್ಲು. ಇವು ಮುಂಚೆಯೇ ಕಾಣಬೇಕು.

ಟಚ್ ಸ್ಕ್ರೀನ್ ಕೊಡಿಸಿದೆ. ಅದಿಲ್ಲದೆ ಸಂಧಾನವೇ ಆಗುತ್ತಿರಲಿಲ್ಲ! ಷರತ್ತು ಎರಡು: ರಿವರ್ಸ್ ಕ್ಯಾಮೆರಾ, ಸೆನ್ಸರ್ ಜೊತೆಗಿರಬೇಕು, ವೈರ್ ಕತ್ತರಿಸದೆ ಕಪ್ಲರ್‌ನಲ್ಲೇ ಜೋಡಿಸಬೇಕು. ಡೆಕೋರೇಷನ್ ಅಂಗಡಿಗಳಲ್ಲಿ ವೈರ್ ಸುಲಿದು ಟೇಪ್ ಸುತ್ತಿ ಕಳಿಸಿಬಿಡುತ್ತಾರೆ, ಶಾರ್ಟ್ ಆಗೋದು ಅಲ್ಲೇ. ಪಕ್ಕದಲ್ಲೇ ನಿಂತು ಮಾಡಿಸಿ. 80ರ ಬೀಪಿಗೆ ಫೋನಿನ ಜಿಪಿಎಸ್ ಆ್ಯಪ್ ಸಾಕಾಯಿತು. ಬೆಲ್ಟ್ ಬೀಪಿನ ಕೆಲಸ ಅವಳಮ್ಮನದು. ಕಪ್ಪು ಫಿಲ್ಮ್ ಬೇಡ ಅಂದೆ. 2012ರಲ್ಲೇ ಸುಪ್ರೀಂ ಕೋರ್ಟ್ ನಿಷೇಧಿಸಿದೆ, ಪೊಲೀಸರು ನಿಲ್ಲಿಸಿದರೆ ಅಲ್ಲೇ ಕೀಳಿಸುತ್ತಾರೆ.

ಸ್ಟೆಪ್ನಿ ಮಾತ್ರ ಹಳೇ 165 ಅಳತೆಯದೇ ಇದೆ. ಪಂಕ್ಚರ್ ಅಂಗಡಿ ಮುಟ್ಟುವವರೆಗೆ ನಿಧಾನಕ್ಕೆ ಓಡಿಸಲು ಅಡ್ಡಿಯಿಲ್ಲ. ಕಂಪನಿಯ ಮೋಟು ವ್ಹೀಲ್ ಪಾನಕ್ಕೆ ನಟ್ಟು ಜಗ್ಗಲಿಲ್ಲ, ಉದ್ದ ಹಿಡಿಯದ್ದೊಂದು ತಂದು ಡಿಕ್ಕಿಯಲ್ಲಿಟ್ಟೆ. ಈಗ ಅದರ ಮೇಲೆ ಕಾಲಿಟ್ಟು ಅವಳೇ ಬಿಚ್ಚುತ್ತಾಳೆ.